ಹೆಬ್ಬೆಟ್ಟು ಒತ್ತದ ಸೀಲಕ್ಕ

ಸೀಲಕ್ಕ ಮೂವತ್ತನಾಲ್ಕು ವರ್ಷ ಉಲ್ಟಾ ಬರೆದು ನೆಟ್ಟಗೆ ಬದುಕಿದವಳು. ರಬ್ಬರ್ ಸ್ಟ್ಯಾಂಪು ಕೆತ್ತುವವರಿಗೆ ಬೇರೆ ದಾರಿಯಿಲ್ಲ. ಕಾಗದದ ಮೇಲೆ ‘ವ್ಯವಸ್ಥಾಪಕರು’ ಎಂದು ಸರಿಯಾಗಿ ಮೂಡಬೇಕಾದರೆ, ರಬ್ಬರಿನ ಮೇಲೆ ವ್ಯವಸ್ಥಾಪಕರು ನಮಗೆ ಬೆನ್ನು ಹಾಕಿ, ಬಲದಿಂದ ಎಡಕ್ಕೆ ಸಾಲುಗಟ್ಟಿ ನಿಲ್ಲಬೇಕು. “ಅವರಿಗೇನು, ಅಭ್ಯಾಸ ಇರುತ್ತೆ” ಎನ್ನುತ್ತಿದ್ದಳು. ಎಲ್ಲ ಅಕ್ಷರಗಳೂ ಹೀಗೆ ಮಗುಚಿಕೊಂಡರೂ ಸೊನ್ನೆ ಮಾತ್ರ ಯಾವ ಕಡೆಯಿಂದ ನೋಡಿದರೂ ಸೊನ್ನೆಯಾಗಿಯೇ ಉಳಿಯುತ್ತದೆ. ಆ ಬಗೆಯ ಹುದ್ದೇದಾರರಿಗೂ ಅವಳು ಸೀಲು ಮಾಡಿಕೊಟ್ಟಿದ್ದಳು.

ಬಸ್ ನಿಲ್ದಾಣದ ಹಿಂದಿನ ಬೀದಿಯಲ್ಲಿ, ಝೆರಾಕ್ಸ್ ಅಂಗಡಿಗೂ ಬೀಗದ ಕೈ ಮಾಡುವವನ ಗೂಡಿಗೂ ನಡುವೆ ಅವಳ ಅಂಗಡಿ. ಅಗಲ ಬಿಚ್ಚಿದ ಕೊಡೆಯಷ್ಟು. ಒಂದು ಎತ್ತರದ ಮೇಜು, ಕತ್ತು ಬಗ್ಗಿಸಿದ ದೀಪ, ಬ್ಲೇಡುಗಳನ್ನು ನೆಟ್ಟಗೆ ಸಿಕ್ಕಿಸಿಟ್ಟ ಸಾಬೂನಿನ ತುಂಡು, ಗೋಡೆಯ ಮೊಳೆಯಿಂದ ಇಳಿಬಿದ್ದ ಮಾದರಿ ಪುಸ್ತಕ. ಮಾಡಿದ ಪ್ರತಿಯೊಂದು ಸೀಲನ್ನೂ ಮೊದಲು ಆ ಪುಸ್ತಕದಲ್ಲಿ ಒತ್ತಿ, ತಾರೀಕು ಹಾಕಿ, ಆಮೇಲೆ ಗಿರಾಕಿಗೆ ಕೊಡುವುದು ಅವಳ ಪದ್ಧತಿ. ಊರಿನ ಡಾಕ್ಟರು, ಲಾಯರು, ಶಾಲೆ, ಸಂಘ, ಗೋದಾಮು, ಕಚೇರಿ ಎಲ್ಲ ಅದರಲ್ಲಿದ್ದವು. ಮನಸ್ಸು ಮಾಡಿದ್ದರೆ ಆ ಕೊಡೆಯಗಲದ ಅಂಗಡಿಯಲ್ಲಿ ಕೂತು ಒಂದು ಸರ್ಕಾರವನ್ನೇ ನಡೆಸಬಹುದಿತ್ತು. ನಡೆಸಲಿಲ್ಲ. ಸ್ವಲ್ಪ ನಾಲಿಗೆ ತಿದ್ದಿಕೊಂಡವರು ಅವಳನ್ನು ಶೀಲಕ್ಕ ಎನ್ನುತ್ತಿದ್ದುದು ಉಚ್ಚಾರಣೆಯ ದೃಷ್ಟಿಯಿಂದ ತಪ್ಪಾದರೂ ನಡತೆಯ ದೃಷ್ಟಿಯಿಂದ ಸರಿಯಾಗಿಯೇ ಇತ್ತು.

ಅವಳ ಗಂಡ ವಿದ್ಯುತ್ ಮೀಟರು ಓದುವ ಕೆಲಸದಲ್ಲಿದ್ದು ನಿವೃತ್ತರಾದವರು. ಊರಿನ ಎಲ್ಲ ಮನೆಯ ನಾಯಿಗಳ ಸ್ವಭಾವ ಬಲ್ಲವರು, ಹಾಗಾಗಿ ಯಾರೊಂದಿಗೂ ಜಗಳವಾಡದವರು. “ನಿಮ್ಮತ್ತಿಗೆ ಎಲ್ಲಾನೂ ಉಲ್ಟಾ ಓದ್ತಾಳೆ, ನಾನು ಬರೀ ಯೂನಿಟ್ ಓದ್ತೀನಿ. ಮನೇಲಿ ಕರೆಂಟು ಅವಳದ್ದು, ಮೀಟರು ನಂದು” ಎಂದು ಬಂದವರಿಗೆಲ್ಲ ಹೇಳುತ್ತಿದ್ದರು.

ಇಷ್ಟು ನೆಮ್ಮದಿಯಾಗಿದ್ದ ಸಂಸಾರಕ್ಕೆ ಒಂದೇ ವರ್ಷದಲ್ಲಿ ನಾಲ್ಕು ಕಾನೂನು ಬಂದು ಬಡಿದವು.

ಮೊದಲನೆಯದು ವ್ಯಾಪಾರದವರ ಕಾನೂನು. ಕಂಪನಿಗಳು ತಮ್ಮ ಕಾಗದಪತ್ರದ ಮೇಲೆ ಸೀಲು ಒತ್ತುವುದು ಇನ್ನು ಕಡ್ಡಾಯವಲ್ಲ, ಇಷ್ಟವಿದ್ದರೆ ಒತ್ತಬಹುದು ಎಂದು ಅದರಲ್ಲೊಂದು ಸಾಲು. ಇಷ್ಟವಿದ್ದರೆ ಎಂದ ಮೇಲೆ ಯಾರಿಗೆ ಇಷ್ಟ? ಒಂದು ಉಪವಾಕ್ಯದಲ್ಲಿ ಅವಳ ಅರ್ಧ ಕಸುಬು ಉಪವಾಸ ಬಿತ್ತು. ಎರಡನೆಯದು ಸಂಘ ಸಂಸ್ಥೆಗಳ ಕಾನೂನು. ಎಲ್ಲ ಸಂಘಗಳೂ ಮತ್ತೆ ನೋಂದಣಿ ಮಾಡಿಸಬೇಕು, ಇಪ್ಪತ್ತೈದಕ್ಕಿಂತ ಕಡಿಮೆ ಸದಸ್ಯರಿದ್ದರೆ ಬಾಗಿಲು ಹಾಕಬೇಕು, ಮರುನೋಂದಣಿಯಾದವರು ಹೊಸ ಸೀಲು ಇಟ್ಟುಕೊಳ್ಳಲೇಬೇಕು. ಒಂದು ಕಾನೂನು ಉಸಿರು ಕಟ್ಟಿಸಿದ್ದ ಕಸುಬಿಗೆ ಇನ್ನೊಂದು ಕಾನೂನು ಬಂದು ಗಾಳಿ ಬೀಸಿದಂತಾಯಿತು. ಮೂರನೆಯದು ಪುರಸಭೆಗೆ ಸಂಬಂಧಪಟ್ಟದ್ದು: ಮತದಾರರ ಪಟ್ಟಿಯ ತಕರಾರುಗಳನ್ನು ಇನ್ನು ಮೇಲೆ ಪುರಸಭೆ ಕೇಳುವಂತಿಲ್ಲ, ಎಲ್ಲವೂ ಜಿಲ್ಲಾ ಕಟ್ಟಡದ ಮೂರನೇ ಮಹಡಿಗೆ ಹೋಗಬೇಕು. ನಾಲ್ಕನೆಯದು ಮತದಾರರ ಕಾನೂನು. ಪ್ರತಿಯೊಬ್ಬರೂ ಹೊಸದಾಗಿ ಅರ್ಜಿ ತುಂಬಿ ಸಹಿ ಹಾಕಬೇಕು, ಆ ಸಹಿ ಹಳೆಯ ದಾಖಲೆಯ ಸಹಿಗೆ ಹೊಂದಬೇಕು, ಹೊಂದದಿದ್ದರೆ ಹೆಸರು ಸಂಶಯ ಪಟ್ಟಿಗೆ.

ಈ ನಾಲ್ಕನ್ನೂ ಓದಿ ಅರ್ಥ ಮಾಡಿಕೊಂಡಿದ್ದ ಒಬ್ಬರೇ ವ್ಯಕ್ತಿ ಎಂದರೆ ಮೇಷ್ಟ್ರು. ನಿವೃತ್ತ ಗಣಿತದ ಮೇಷ್ಟ್ರು, ಬೀದಿಯ ತುದಿಯ ವಾಚನಾಲಯ ಸಂಘದ ಕಾರ್ಯದರ್ಶಿ. ಅವರ ಸಂಘದಲ್ಲಿದ್ದವರು ಹತ್ತೊಂಬತ್ತು ಜನ. ಆರು ಜನ ಎಲ್ಲಿಂದ ತರುವುದು? ಕೊನೆಗೆ ಬೆಳಗಿನ ಹೊತ್ತು ಮೈದಾನದಲ್ಲಿ ಸುತ್ತು ಹಾಕುವವರ ಸಂಘವನ್ನು ಒಪ್ಪಿಸಿ ಎರಡನ್ನೂ ಒಂದು ಮಾಡಿದರು. ಓದುವವರು ನಡೆಯುತ್ತಿರಲಿಲ್ಲ, ನಡೆಯುವವರು ಓದುತ್ತಿರಲಿಲ್ಲ, ಆದರೆ ಕಾನೂನು ತಲೆ ಎಣಿಸುತ್ತದೆಯೇ ಹೊರತು ತಲೆಯೊಳಗೆ ಇಣುಕುವುದಿಲ್ಲ. ಮೇಷ್ಟ್ರು ಹೊಸ ಹೆಸರನ್ನು ಚೀಟಿಯಲ್ಲಿ ಬರೆದುಕೊಂಡು ಸೀಲಕ್ಕನ ಅಂಗಡಿಗೆ ಬಂದರು.

ಸೀಲಕ್ಕ ಕನ್ನಡಕ ಏರಿಸಿ ಓದಿದಳು: “‘ಸಾರ್ವಜನಿಕ ವಾಚನಾಲಯ ಮತ್ತು ಮುಂಜಾನೆ ನಡಿಗೆದಾರರ ಸಂಯುಕ್ತ ಸಂಘ, ಮರುನೋಂದಾಯಿತ.’ ಮೇಷ್ಟ್ರೇ, ಇದು ಸೀಲಲ್ಲ, ಮೆರವಣಿಗೆ.”

“ದುಂಡಗೆ ಬರಲಿ ತಾಯಿ. ನೋಂದಣಿಯವರು ದುಂಡಗೇ ಇರಬೇಕು ಅಂದಿದಾರೆ.”

“ದುಂಡಗೆ ಮಾಡೋಕೆ ಹೋದ್ರೆ ಊಟದ ತಟ್ಟೆ ಅಷ್ಟಾಗುತ್ತೆ. ಎರಡು ಕೈಲಿ ಎತ್ತಿ ಒತ್ತಬೇಕು.”

“ನಡಿಗೆದಾರರಿದ್ದಾರಲ್ಲ, ಎತ್ತಲಿ. ಅವರಿಂದ ಇನ್ನೇನುಪಯೋಗ?”

ಆ ಮೆರವಣಿಗೆಯನ್ನು ಎರಡು ಸುತ್ತಿನಲ್ಲಿ ಕೂರಿಸಲು ಸೀಲಕ್ಕ ಎರಡು ದಿನ ಒದ್ದಾಡಿದಳು. ಅಕ್ಷರಗಳನ್ನು ಸಣ್ಣ ಮಾಡಿದಳು, ಒತ್ತಕ್ಷರಗಳಿಗೆ ಜಾಗ ಮಾಡಿಕೊಟ್ಟಳು, ‘ನಡಿಗೆದಾರರ’ ಎಂಬಲ್ಲಿ ಎರಡು ‘ರ’ಕಾರಗಳು ಒಂದರ ಮೇಲೊಂದು ಬೀಳದಂತೆ ನೋಡಿಕೊಂಡಳು. ಮತದಾರರ ಅರ್ಜಿ ಹಿಡಿದುಕೊಂಡು ಪುರಸಭೆಯ ಗಣತಿಯಾಕೆ ಅಂಗಡಿಯ ಮುಂದೆ ನಿಂತದ್ದು ಸರಿಯಾಗಿ ಎರಡನೇ ದಿನದ ಮಧ್ಯಾಹ್ನ, ಸೀಲಕ್ಕ ಪೆನ್ನಿನ ತುದಿಯಲ್ಲಿ ಒಳಸುತ್ತನ್ನು ಉಲ್ಟಾ ಬರೆಯುತ್ತಿದ್ದಾಗ.

“ಅಕ್ಕ, ಎಲ್ಲಾ ತುಂಬಿದೀನಿ. ಇಲ್ಲೊಂದು ಸಹಿ.”

ಸೀಲಕ್ಕ ತಲೆಯೆತ್ತದೆ, ಕೈಯಲ್ಲಿದ್ದ ಅದೇ ಪೆನ್ನಿನಿಂದ, ಅದೇ ಲಹರಿಯಲ್ಲಿ ಸಹಿ ಹಾಕಿ ಅರ್ಜಿಯನ್ನು ಪಕ್ಕಕ್ಕೆ ತಳ್ಳಿದಳು. ಗಣತಿಯಾಕೆಗೆ ಇನ್ನೂ ನೂರ ಹತ್ತು ಮನೆಯಿತ್ತು, ನೋಡಲಿಲ್ಲ. ಸಹಿಯೆಂದರೆ ಹೇಗೂ ಯಾರಿಗೂ ಓದಲು ಬಾರದ ಬರಹ ತಾನೆ.

ಒಂದೂವರೆ ತಿಂಗಳಾದ ಮೇಲೆ, ಒಂದು ಸೋಮವಾರ ನೋಟೀಸು ಬಂತು. ‘ತಮ್ಮ ಸಹಿಯು ದಾಖಲೆಯಲ್ಲಿನ ಸಹಿಗೆ ಹೊಂದಿಕೆಯಾಗದ ಕಾರಣ ತಮ್ಮ ಹೆಸರನ್ನು ಸಂಶಯ ಪಟ್ಟಿಗೆ ವರ್ಗಾಯಿಸಲಾಗಿದೆ. ಬರುವ ಶುಕ್ರವಾರ ಸಂಜೆ ಐದು ಗಂಟೆಯೊಳಗೆ ಇತ್ಯರ್ಥವಾಗದಿದ್ದಲ್ಲಿ ಹೆಸರನ್ನು ತೆಗೆದುಹಾಕಲಾಗುವುದು.’ ಜೊತೆಗೆ ಎರಡು ಸಹಿಗಳ ನಕಲು. ಸೀಲಕ್ಕ ಆ ಕಾಗದವನ್ನು ದೀಪಕ್ಕೆ ಹಿಡಿದು ಹಿಂಬದಿಯಿಂದ ನೋಡಿದಳು. ಎರಡನೆಯ ಸಹಿ ಆಗ ಲಕ್ಷಣವಾಗಿ, ನೆಟ್ಟಗೆ ಕಾಣಿಸಿತು.

“ರೀ, ನಾನು ಅಂಗಡಿ ಸಹಿ ಹಾಕ್ಬಿಟ್ಟಿದೀನಿ.”

ಗಂಡ ಕಾಗದ ನೋಡಿ, ಹೆಂಡತಿಯನ್ನು ನೋಡಿದರು. “ನಮ್ಮ ಮದುವೆ ರಿಜಿಸ್ಟರಲ್ಲಿ ಯಾವುದು ಹಾಕಿದ್ದೆ?”

“ನೆನಪಿಲ್ಲ.”

“ನಂಗೆ ಮೊದಲಿಂದ್ಲೂ ಅನುಮಾನ ಇತ್ತು” ಎಂದರು ಅವರು.

ಸೀಲಕ್ಕ ನಗಲಿಲ್ಲ. ಅವಳಿಗೆ ಮತವೆಂದರೆ ಬರೀ ಮತವಲ್ಲ. “ವರ್ಷವಿಡೀ ಬೇರೆಯವರು ಒತ್ತೋಕೆ ನಾನು ಸೀಲು ಮಾಡ್ತೀನಿ. ನಾನೇ ಒತ್ತೋದು ಐದು ವರ್ಷಕ್ಕೊಂದ್ಸಲ, ಆ ಪರದೆ ಹಿಂದೆ” ಎನ್ನುತ್ತಿದ್ದಳು. ವಯಸ್ಸು ತುಂಬಿದಂದಿನಿಂದ ಒಂದು ಚುನಾವಣೆಯನ್ನೂ ತಪ್ಪಿಸಿರಲಿಲ್ಲ. ಹೆರಿಗೆಯಾದ ಹನ್ನೊಂದನೆಯ ದಿನ ಮಗಳನ್ನು ಅತ್ತೆಯ ಕೈಗೆ ಕೊಟ್ಟು ಹೋಗಿ ಸರದಿಯಲ್ಲಿ ನಿಂತವಳು. ಮುಂದಿನ ತಿಂಗಳೇ ವಾರ್ಡಿನ ಚುನಾವಣೆ.

ಮಂಗಳವಾರ ಬೆಳಿಗ್ಗೆ ಜಿಲ್ಲಾ ಕಟ್ಟಡಕ್ಕೆ ಹೋದಳು. ಲಿಫ್ಟು ಇತ್ತು, ‘ಶೀಘ್ರದಲ್ಲಿ’ ಎಂಬ ಬೋರ್ಡಿನ ಸಮೇತ. ಅರವತ್ತಾರು ಮೆಟ್ಟಿಲು. ಮೇಲೆ ಉದ್ದನೆಯ ಪಡಸಾಲೆ, ಗೋಡೆಯುದ್ದಕ್ಕೂ ಬೆಂಚು, ತುದಿಯಲ್ಲಿ ‘ಪರಿಶೀಲನಾಧಿಕಾರಿ’ ಎಂದು ಬರೆದ ಬಾಗಿಲು. ಬೆಂಚಿನ ಮೇಲೆ ಹೆಚ್ಚಿನವರು ಅರವತ್ತು ದಾಟಿದವರು, ಮೆಟ್ಟಿಲು ಹತ್ತಿದ ಆಯಾಸಕ್ಕೆ ಬಾಯಿ ತೆರೆದು ಕೂತಿದ್ದರು. ಆದರೆ ಅವಳ ಕಣ್ಣಿಗೆ ಬಿದ್ದದ್ದು ಬಾಗಿಲ ಪಕ್ಕದ ಗೋಡೆ. ಎದೆಮಟ್ಟದಿಂದ ಸೊಂಟದವರೆಗೆ ಗೋಡೆಯೆಲ್ಲ ನೀಲಿ ಹೆಬ್ಬೆರಳ ಗುರುತು. ಒಳಗೆ ಹೆಬ್ಬೆಟ್ಟು ಒತ್ತಿ ಬಂದವರು ಮಸಿ ಒರೆಸಿದ್ದ ಗೋಡೆ. ಮಸಿಯ ಕೆಲಸದವಳಾದ್ದರಿಂದ ಅವಳು ಹತ್ತಿರ ಹೋಗಿ ನೋಡಿದಳು. ತಾಜಾ ಗುರುತುಗಳೇ ನೂರಿದ್ದವು.

ಒಳಗಿದ್ದ ಅಧಿಕಾರಿ ಕೆಟ್ಟ ಮನುಷ್ಯನೇನಲ್ಲ. ನಲವತ್ತರ ಆಸುಪಾಸು, ಕಣ್ಣ ಕೆಳಗೆ ಕಪ್ಪು, ಮೇಜಿನ ಮೇಲೆ ಕಡತಗಳ ನಡುವೆ ಆರಿದ ಟೀ. ಸೀಲಕ್ಕನ ನೋಟೀಸು ನೋಡಿದವನೇ ಮಸಿಯ ಪ್ಯಾಡನ್ನು ಅವಳ ಮುಂದಕ್ಕೆ ತಳ್ಳಿದ.

“ಇಲ್ಲೊಂದು ಹೆಬ್ಬೆಟ್ಟು ಒತ್ತಿ ಅಮ್ಮ. ಮುಗೀತು.”

“ಹೆಬ್ಬೆಟ್ಟು ಯಾಕೆ ಸಾರ್? ನನಗೆ ಸಹಿ ಬರುತ್ತೆ.”

“ಸಹಿ ಬರೋದೇ ತೊಂದರೆ. ಸಹಿ ಅಂದ್ರೆ ಹಳೇದಕ್ಕೆ ಹೋಲಿಸಿ ನೋಡಬೇಕು. ಹೆಬ್ಬೆಟ್ಟಾದ್ರೆ ಹೋಲಿಸೋದು ಏನೂ ಇಲ್ಲ, ಹಳೇದೇ ಇಲ್ವಲ್ಲ. ನೇರ ಪಟ್ಟಿಗೆ.”

ಸೀಲಕ್ಕ ಇದನ್ನು ಮನಸ್ಸಿನಲ್ಲೇ ಒಂದು ಸಲ ಮಗುಚಿ ನೋಡಿದಳು. “ಅಂದ್ರೆ, ಹೋಲಿಸಿ ನೋಡಬಹುದಾದ್ದರ ಮೇಲೆ ಸಂಶಯ. ಹೋಲಿಸಿ ನೋಡೋಕೇ ಆಗದ್ದರ ಮೇಲೆ ನಂಬಿಕೆ.”

“ಕಾನೂನು ಅಮ್ಮ. ನಾನು ಬರೆದಿದ್ದಲ್ಲ.”

“ಈ ಕಾಗದಾನ ಒಂದ್ಸಲ ಹಿಂದಿನಿಂದ ನೋಡಿ ಸಾರ್. ಬೆಳಕಿಗೆ ಹಿಡಿದು. ಎರಡೂ ಒಂದೇ ಸಹಿ. ನಾನು ಸೀಲು ಕೆತ್ತೋಳು, ಕೈ ತಪ್ಪಿ ಉಲ್ಟಾ ಹಾಕಿದೀನಿ.”

ಅವನು ನಿಜಕ್ಕೂ ಎತ್ತಿ ಹಿಡಿದು ನೋಡಿದ. ಹುಬ್ಬು ಮೇಲೇರಿತು. ಆಮೇಲೆ ಕಾಗದವನ್ನು ಕೆಳಗಿಟ್ಟು ನಿಟ್ಟುಸಿರು ಬಿಟ್ಟ. “ಒಪ್ಪಿದೆ. ಆದ್ರೆ ಕಾನೂನಲ್ಲಿ ಹಿಂದಿನಿಂದ ನೋಡೋಕೆ ಅವಕಾಶ ಇಲ್ಲ.”

ಪ್ಯಾಡಿನ ಕೆಳಗಿದ್ದ ಕಾಗದವನ್ನು ಸೀಲಕ್ಕ ಎಳೆದುಕೊಂಡಳು. ಹೆಬ್ಬೆಟ್ಟು ಒತ್ತುವ ಚೌಕದ ಮೇಲೆ ಸಣ್ಣ ಅಕ್ಷರದಲ್ಲಿ ಒಂದು ಸಾಲಿತ್ತು. ಸಣ್ಣ ಅಕ್ಷರ ಓದುವುದೇ ಅವಳ ಕಸುಬು. ‘ನನಗೆ ಓದು ಬರಹ ಬರುವುದಿಲ್ಲವೆಂದು ಈ ಮೂಲಕ ಘೋಷಿಸುತ್ತೇನೆ.’

“ಇದನ್ನ ಎಲ್ಲರೂ ಒತ್ತಿದಾರಾ?”

“ಹೋದ ವಾರದಿಂದ ಇನ್ನೂರ ಮೂವತ್ತು ಜನ.”

“ಇದರಲ್ಲಿ ಏನು ಬರೆದಿದೆ ಅಂತ ಅವರು ಓದಿದ್ರಾ?”

ಅಧಿಕಾರಿ ಆರಿದ ಟೀ ಕುಡಿದ. ಆ ಪ್ರಶ್ನೆಗೆ ಎರಡು ಉತ್ತರವಿತ್ತು, ಎರಡೂ ಅವನಿಗೆ ಬೇಡವಾಗಿತ್ತು.

“ನಾನು ಒತ್ತಲ್ಲ” ಎಂದಳು ಸೀಲಕ್ಕ. “ಮೂವತ್ತನಾಲ್ಕು ವರ್ಷ ಅಕ್ಷರ ಕೆತ್ತಿ ಊಟ ಮಾಡಿದೀನಿ. ಒಂದೊಂದು ಅಕ್ಷರಕ್ಕೂ ನನ್ನ ಬೆರಳಲ್ಲೊಂದು ಗಾಯ ಇದೆ. ಬರಲ್ಲ ಅಂತ ಘೋಷಿಸೋಕೆ ನನ್ನ ಹೆಬ್ಬೆರಳು ಒಪ್ಪಲ್ಲ.”

“ಹಾಗಾದ್ರೆ ಶುಕ್ರವಾರ ಹೆಸರು ಹೋಗುತ್ತೆ.”

“ಯಾಕೆ ಹೋಗುತ್ತೆ ಅಂತ ಬರೆದು ಕೊಡಿ.”

ಅಧಿಕಾರಿ ಗಂಟೆ ಒತ್ತಿದ. ಜವಾನ ಬಂದು ಬಾಗಿಲು ತೆರೆದು ಹಿಡಿದ.

ಆ ಸಂಜೆ ಮೇಷ್ಟ್ರು ವಾಚನಾಲಯದ ಮೇಜಿನ ಮೇಲೆ ಕಾನೂನಿನ ಪುಸ್ತಕ ಹರಡಿಕೊಂಡು ಕೂತರು. ಅರ್ಧ ಗಂಟೆಯಲ್ಲಿ ಅವರ ಬೆರಳು ಒಂದು ಕಡೆ ನಿಂತಿತು. “ನೋಡು ತಾಯಿ. ‘ಮತದಾರರು ಲಿಖಿತವಾಗಿ ಕೋರಿದಲ್ಲಿ, ಅಧಿಕಾರಿಯು ಮೂರು ಕೆಲಸದ ದಿನಗಳೊಳಗೆ ಕಾರಣಸಹಿತ ಆದೇಶವನ್ನು ಒಂಬತ್ತನೇ ನಮೂನೆಯಲ್ಲಿ ನೀಡತಕ್ಕದ್ದು.’ ನಾಳೆ ಬುಧವಾರ ಬೆಳಿಗ್ಗೆನೇ ಕೊಟ್ರೆ, ಬುಧ, ಗುರು, ಶುಕ್ರ. ಸರಿಯಾಗಿ ಶುಕ್ರವಾರಕ್ಕೆ ಮೂರು.”

“ಒಂಬತ್ತನೇ ನಮೂನೇಲಿ ಏನಿದೆ?”

“ಅದು ಈ ಪುಸ್ತಕದಲ್ಲಿಲ್ಲ. ಎಂಟರವರೆಗೆ ಅಚ್ಚು ಹಾಕಿದಾರೆ. ಒಂಬತ್ತು ಯಾರೂ ಕೇಳಲ್ಲ ಅಂದ್ಕೊಂಡಿರಬೇಕು.”

ಗಂಡ ಬಾಗಿಲಲ್ಲಿ ನಿಂತು ಕೇಳಿಸಿಕೊಳ್ಳುತ್ತಿದ್ದರು. ಮನೆಗೆ ಹೋಗುವ ದಾರಿಯಲ್ಲಿ ಮೆಲ್ಲಗೆ ಶುರು ಮಾಡಿದರು. “ಒಂದು ಹೆಬ್ಬೆಟ್ಟು ತಾನೇ. ಸೋಪು ಹಾಕಿ ತೊಳೆದ್ರೆ ಹೋಗುತ್ತೆ.”

“ಮಸಿ ಹೋಗುತ್ತೆ.”

“ಅವನು ಬರೆದು ಕೊಡದೇ ಇದ್ರೆ? ಶುಕ್ರವಾರ ಐದು ಗಂಟೆಗೆ ನಿನ್ನ ಹೆಸರೂ ಇಲ್ಲ, ಆದೇಶಾನೂ ಇಲ್ಲ. ಆಗೇನು ಮಾಡ್ತೀಯ?”

ಸೀಲಕ್ಕ ಹೆಜ್ಜೆ ಚುರುಕು ಮಾಡಿದಳು.

ಬುಧವಾರ ಬೆಳಿಗ್ಗೆ ಹತ್ತಕ್ಕೆ ಅವಳು ಮನವಿಯನ್ನು ಕೈಯಾರೆ ಬರೆದು ಒಳಗೆ ಕೊಟ್ಟಳು. ಜವಾನ ಸ್ವೀಕೃತಿ ಕೊಡಲು ತಡಬಡಾಯಿಸಿದ, ಇಲ್ಲಿಯವರೆಗೆ ಯಾರೂ ಕೇಳಿರಲಿಲ್ಲ. ಕೊಡಿಸಿಕೊಂಡಳು. ಆಮೇಲೆ ಮನೆಗೆ ಹೋಗದೆ ಬೆಂಚಿನ ಮೇಲೆ ಕೂತು, ಚೀಲದಿಂದ ಮರದ ಹಿಡಿ, ರಬ್ಬರಿನ ತುಂಡು, ಬ್ಲೇಡು ತೆಗೆದು ಒಬ್ಬ ದಂತವೈದ್ಯರ ಸೀಲನ್ನು ಕೆತ್ತಲು ಶುರು ಮಾಡಿದಳು.

“ಇಲ್ಲಿ ಕೂರೋ ಹಾಗಿಲ್ಲ” ಎಂದ ಜವಾನ.

“ಮತ್ತೆ ಇದೇನು?” ಎಂದು ಅವಳು ಬೆಂಚನ್ನು ತಟ್ಟಿದಳು. “ಮಲಗೋಕೆ ಇಟ್ಟಿದೀರಾ?”

ಬೆಂಚಿನಲ್ಲಿದ್ದ ಒಂದಿಬ್ಬರು ನಕ್ಕರು. ಜವಾನನಿಗೂ ನಗು ಬಂದು, ಬೆನ್ನು ತಿರುಗಿಸಿಕೊಂಡು ಹೋದ.

ಮಧ್ಯಾಹ್ನ ಒಳಗಿಂದ ಒಬ್ಬರು ಹೆಬ್ಬೆರಳನ್ನು ಎತ್ತಿ ಹಿಡಿದುಕೊಂಡು ಹೊರಗೆ ಬಂದರು. ಇಸ್ತ್ರಿ ಮಾಡಿದ ಅಂಗಿ, ಜೇಬಿನಲ್ಲಿ ಎರಡು ಪೆನ್ನು. ಗೋಡೆಗೆ ಒರೆಸಲು ಕೈ ಚಾಚಿದವರು ಸೀಲಕ್ಕನನ್ನು ಕಂಡು ತಡೆದುಕೊಂಡರು. ಅವಳೂ ಗುರುತು ಹಿಡಿದಳು. ದೊಡ್ಡ ಗಿರಣಿಯಲ್ಲಿ ಲೆಕ್ಕಪತ್ರ ನೋಡಿಕೊಳ್ಳುತ್ತಿದ್ದವರು. ಅವರ ‘ಮುಖ್ಯ ಲೆಕ್ಕಿಗರು’ ಸೀಲನ್ನು ಅವಳೇ ಮಾಡಿದ್ದಳು.

“ನಿಮಗೆ ಓದೋಕೆ ಬರಲ್ವಾ ಸಾರ್?” ಎಂದು ಕೇಳಿದಳು. ಅವಳ ದನಿಯಲ್ಲಿ ಕೊಂಕಿರಲಿಲ್ಲ, ಅದೇ ಅವರಿಗೆ ಹೆಚ್ಚು ನಾಟಿತು.

“ಕೈ ನಡುಗುತ್ತಮ್ಮ. ಹಳೇ ಸಹಿ ಥರ ಬರಲ್ಲ. ಹೋಗ್ಲಿ ಅಂತ ಒತ್ತಿಬಿಟ್ಟೆ.”

“ಒತ್ತಿದ ಕಾಗದದಲ್ಲಿ ಏನಿದೆ ಗೊತ್ತಾ?” ಅವಳು ಆ ಸಾಲನ್ನು ಬಾಯಿಪಾಠ ಹೇಳಿದಳು.

ಮುಖ್ಯ ಲೆಕ್ಕಿಗರು ತಮ್ಮ ನೀಲಿ ಹೆಬ್ಬೆರಳನ್ನು ನೋಡಿಕೊಂಡರು. ಆಮೇಲೆ ಬಾಗಿಲು ತಟ್ಟದೆ ಒಳಗೆ ಹೋದರು. ಹೊರಗೆ ಕೇಳುವಷ್ಟು ಗಟ್ಟಿಯಾಗಿ, “ನಂದು ವಾಪಸ್ ಕೊಡಿ” ಎಂದರು. ತಾವೇ ಒತ್ತಿದ ಕಾಗದವನ್ನು ಹರಿದು ನಾಲ್ಕು ತುಂಡು ಮಾಡಿ ಜೇಬಿಗೆ ಹಾಕಿಕೊಂಡು ಬಂದು, ಬೆಂಚಿನಲ್ಲಿ ಅವಳ ಪಕ್ಕ ಕೂತು, ಒಂದು ಪೆನ್ನು ತೆಗೆದರು. “ಮನವಿ ಹೇಗೆ ಬರೀಬೇಕು ಹೇಳಿ.”

ಅಲ್ಲಿಂದ ಶುರುವಾಯಿತು. ಅವರು ಬರೆದದ್ದನ್ನು ಪಕ್ಕದ ದರ್ಜಿ ನೋಡಿ ಬರೆದ. ದರ್ಜಿಯದನ್ನು ನೋಡಿ ಒಬ್ಬ ನಿವೃತ್ತ ನರ್ಸು ಬರೆದಳು. ಕಾನ್ವೆಂಟಿನಲ್ಲಿ ನೂರು ಸಲ ಬರೆಸುತ್ತಿದ್ದ ಇಂಪೊಸಿಷನ್ನಿನ ಹಾಗೆ ಅದೇ ನಾಲ್ಕು ಸಾಲು ಬೆಂಚಿನುದ್ದಕ್ಕೂ ಸಾಗಿತು. ಇಲ್ಲಿ ಬರೆದವರು ಶಿಕ್ಷೆ ಕೊಡುವ ಕಡೆಯವರು, ಅಷ್ಟೇ ವ್ಯತ್ಯಾಸ. ಮಂಗಳವಾರ ಒತ್ತಿ ಹೋಗಿದ್ದ ಒಂದಷ್ಟು ಜನಕ್ಕೆ ಮೇಷ್ಟ್ರು ಹೋಗಿ ಹೇಳಿದರು. ನಡಿಗೆದಾರರು ಅರವತ್ತಾರು ಮೆಟ್ಟಿಲನ್ನು ಸಲೀಸಾಗಿ ಹತ್ತಿ ಕಾಗದ, ಪೆನ್ನು, ಮುದುಕರು ಎಲ್ಲವನ್ನೂ ಮೇಲಕ್ಕೆ ಸಾಗಿಸಿದರು. ಮೇಷ್ಟ್ರು ಮೊದಲ ಬಾರಿಗೆ ಆ ಮೈತ್ರಿಯ ಬಗ್ಗೆ ಒಳ್ಳೆಯ ಮಾತಾಡಿದರು. ಬುಧವಾರ ಕಚೇರಿ ಮುಚ್ಚುವ ಹೊತ್ತಿಗೆ ಒಳಗೆ ನಲವತ್ತೊಂದು ಮನವಿಗಳಿದ್ದವು.

ಗುರುವಾರ ಇಡೀ ದಿನ ಏನೂ ಆಗಲಿಲ್ಲ. ಬಾಗಿಲು ಮುಚ್ಚಿಯೇ ಇತ್ತು. ಒಬ್ಬಿಬ್ಬರು ಸುಸ್ತಾಗಿ ಎದ್ದು ಹೋದರು. ದಂತವೈದ್ಯರ ಸೀಲು ಮುಗಿಯಿತು. ಬೆಂಚಿನ ಮೇಲೆ ಯಾರೋ, “ಅಕ್ಕ, ನಾವು ಮೊದಲೇ ಒತ್ತಿದ್ರೆ ಹೆಸರಾದ್ರೂ ಉಳೀತಿತ್ತು” ಎಂದರು. ಸೀಲಕ್ಕ ಕೇಳಿಸದವಳಂತೆ ಇದ್ದಳು. ಕೇಳಿಸಿತ್ತು. ಆ ಮಾತು ಮನೆಗೂ ಜೊತೆಯಲ್ಲೇ ಬಂತು. ತನ್ನ ಒಂದು ಹೆಸರಿನ ಜಂಬಕ್ಕೆ ನಲವತ್ತು ಹೆಸರು ಹೋದರೆ?

ಶುಕ್ರವಾರ ನಾಲ್ಕಾದರೂ ಆದೇಶ ಬರಲಿಲ್ಲ. ಗಂಡ ಮೆಟ್ಟಿಲು ಹತ್ತಿ ಏದುಸಿರು ಬಿಡುತ್ತಾ ಬಂದರು. ಬೆಂಚಿನ ಮುಂದೆ ಕುಕ್ಕರುಗಾಲಲ್ಲಿ ಕೂತು, ಅವಳ ಬಲಗೈ ಹಿಡಿದುಕೊಂಡರು.

“ಇನ್ನೊಂದು ಗಂಟೆ ಇದೆ. ಒಳಗೆ ಹೋಗಿ ಒತ್ತಿ ಬಾರೇ. ಸೋತ್ರೂ ಯಾರೂ ನಗಲ್ಲ. ನಾನಂತೂ ನಗಲ್ಲ.”

“ನೀವು ಮೀಟರು ಓದುವಾಗ, ಮುಳ್ಳು ಒಂದು ಕಡೆ ಇದ್ರೆ ಇನ್ನೊಂದು ಅಂತ ಯಾವತ್ತಾದ್ರೂ ಬರೆದಿದೀರಾ?”

“ಇಲ್ಲ.”

“ಬರೀರಿ ಅಂತ ಯಾರೂ ಹೇಳಲಿಲ್ವಾ?”

“ಹೇಳದೇ ಏನು. ಎಷ್ಟೋ ಜನ.” ಅವರು ಅವಳ ಕೈಯನ್ನು ಬಿಟ್ಟರು. ಬೆಂಚಿನಲ್ಲಿ ಜಾಗ ಮಾಡಿಸಿಕೊಂಡು ಪಕ್ಕದಲ್ಲಿ ಕೂತರು. “ಹಾಗಾದ್ರೆ ಇವತ್ತು ಇಬ್ಬರೂ ಮನೆಗೆ ತಡ” ಎಂದರು.

ನಾಲ್ಕೂ ಇಪ್ಪತ್ತಕ್ಕೆ ಜವಾನ ಸೀಲಕ್ಕನನ್ನು ಕರೆದ.

ಅಧಿಕಾರಿಯ ಮುಂದೆ ಅವಳು ಆವರೆಗೆ ನೋಡಿರದ ಒಂದು ಕಾಗದವಿತ್ತು. ಒಂಬತ್ತನೇ ನಮೂನೆ. ಅವನ ಪೆನ್ನು ಅದರ ಮೇಲೆ ತೂಗುತ್ತಿತ್ತು.

“ಅಮ್ಮ, ಕೊನೇ ಸಲ ಕೇಳ್ತೀನಿ. ಹೆಬ್ಬೆಟ್ಟು?”

“ಇಲ್ಲ ಸಾರ್. ಆದೇಶ ಬರೀರಿ. ಹೆಸರು ತೆಗೀರಿ, ಆದರೆ ಯಾಕೆ ಅಂತ ಬರೀರಿ.”

“ಅದೇ ಆಗ್ತಿಲ್ಲ.” ಅವನು ಕಾಗದವನ್ನು ಅವಳ ಕಡೆಗೆ ತಿರುಗಿಸಿದ. “ನೀವೇ ನೋಡಿ. ಸಹಿ ಹೊಂದಿಕೆಯಾಗಿಲ್ಲ ಅಂತ ಬರೆಯೋಕೆ ಇದರಲ್ಲಿ ಜಾಗಾನೇ ಇಲ್ಲ. ಎರಡೇ ಚೌಕ. ಒಂದು, ‘ಅರ್ಜಿಗೆ ಬೇರೊಬ್ಬ ವ್ಯಕ್ತಿಯು ಸಹಿ ಮಾಡಿರುವುದು ಸಾಬೀತಾಗಿದೆ.’ ಅದಕ್ಕೆ ಗುರುತು ಹಾಕಿದ್ರೆ ಆ ಬೇರೊಬ್ಬ ಯಾರು ಅಂತ ಹೆಸರು ಕೊಟ್ಟು ನಾನು ಪೊಲೀಸಿಗೆ ದೂರು ಕೊಡಬೇಕು. ಎರಡು, ‘ಅರ್ಜಿಗೆ ಮತದಾರರೇ ಸಹಿ ಮಾಡಿರುತ್ತಾರೆ.’ ಅದಕ್ಕೆ ಹಾಕಿದ್ರೆ ಹೆಸರು ಪಟ್ಟೀಲಿ ಉಳೀಬೇಕು.”

“ಅದಕ್ಕೇ ಎಲ್ಲರ ಕೈಲೂ ಹೆಬ್ಬೆಟ್ಟು ಒತ್ತಿಸಿದ್ರಾ?”

ಹೊರಗೆ ಯಾರೋ ಕೆಮ್ಮಿದರು, ಬೆಂಚು ಕಿರುಗುಟ್ಟಿತು.

“ಆ ಸಹಿ ಹಾಕಿದ್ದು ನೀವೇನಾ?” ಎಂದು ಅವನು ಕೇಳಿದ. ಐದು ದಿನದಲ್ಲಿ ಯಾರಾದರೂ ಆ ಪ್ರಶ್ನೆಯನ್ನು ಕೇಳಿದ್ದು ಅದೇ ಮೊದಲು.

“ನಾನೇ.”

“ನನ್ನ ಮುಂದೆ ಹಾಕಿ ತೋರಿಸ್ತೀರಾ? ಹಾಗೇ, ಉಲ್ಟಾ?”

ಸೀಲಕ್ಕ ಪೆನ್ನು ತೆಗೆದುಕೊಂಡಳು. ಅಂಗಡಿಯಲ್ಲಿ ತಲೆಯೆತ್ತದೆ ಹಾಕಿದ್ದನ್ನು ಈಗ ಅವನ ಕಣ್ಣೆದುರೇ ಹಾಕಬೇಕಿತ್ತು. ಬಲಗಡೆಯಿಂದ ಶುರು ಮಾಡಿದಳು. ಮೊದಲ ಅಕ್ಷರ, ಅದರ ಕೊಂಬು, ಅದರ ಮುಂದಿನ ಅಕ್ಷರ, ನಡುವಿನ ಸುರುಳಿ, ಎಡಕ್ಕೆ ಬಂದು ಬಾಲ ಎಳೆದು ನಿಲ್ಲಿಸಿದಳು. ಅಧಿಕಾರಿ ಅರ್ಜಿಯ ನಕಲನ್ನು ಅದರ ಪಕ್ಕ ಇಟ್ಟ. ಬಾಲದ ಕೊನೆಯ ಕೊಂಕೂ ಅದೇ ಜಾಗದಲ್ಲಿತ್ತು. ಅವನು ನೋಡುತ್ತಾ ಕೂತ. ಅವನ ಮುಖದಲ್ಲಿದ್ದದ್ದು ಮೆಚ್ಚುಗೆಯೋ, ಇಷ್ಟು ದಿನ ಹೊತ್ತಿದ್ದ ಏನನ್ನೋ ಕೆಳಗಿಳಿಸಿದ ಸುಸ್ತೋ, ಅವಳಿಗೆ ತಿಳಿಯಲಿಲ್ಲ.

ಅವನು ಎರಡನೆಯ ಚೌಕದಲ್ಲಿ ಗುರುತು ಹಾಕಿ, ಕೆಳಗೆ ಸಹಿ ಮಾಡಿ, ಒಂದು ಪ್ರತಿಯನ್ನು ಅವಳಿಗೆ ಕೊಟ್ಟ.

“ಆಯ್ತು. ನಿಮ್ಮ ಹೆಸರು ಉಳೀತು. ಹೋಗಬಹುದು.”

ಸೀಲಕ್ಕ ಕಾಗದವನ್ನು ಎರಡು ಸಲ ಓದಿ, ಮಡಿಸಿ, ಕನ್ನಡಕದ ಡಬ್ಬಿಯಲ್ಲಿಟ್ಟುಕೊಂಡಳು. ಕುರ್ಚಿಯಿಂದ ಏಳಲಿಲ್ಲ.

“ಇನ್ನೇನಮ್ಮ?”

“ಹೊರಗೆ ನಲವತ್ತು ಜನ ಇದಾರೆ ಸಾರ್. ಇನ್ನೂ ಅರ್ಧ ಗಂಟೆ ಇದೆ. ಒಬ್ಬೊಬ್ಬರಾಗಿ ಕರೀರಿ.”

ಅಧಿಕಾರಿ ಗಡಿಯಾರ ನೋಡಿದ, ಒಂಬತ್ತನೇ ನಮೂನೆಯ ಕಟ್ಟು ನೋಡಿದ. “ಅವರೂ ಎಲ್ಲ ಉಲ್ಟಾ ಬರೀತಾರಾ?”

“ಇಲ್ಲ, ಅವರೆಲ್ಲ ನೆಟ್ಟಗೇ ಬರೀತಾರೆ. ವಯಸ್ಸಾಗಿದೆ, ಕೈ ನಡುಗುತ್ತೆ ಅಷ್ಟೆ. ನೀವು ಮುಂದೆ ಕೂತು ನೋಡಿದ್ರೆ ಸಾಕು.”

ಅವನು ಕಟ್ಟಿನ ದಾರ ಬಿಚ್ಚಿದ. ಸೀಲಕ್ಕ ಎದ್ದು ಹೋಗಿ ಬಾಗಿಲನ್ನು ಪೂರ್ತಿ ತೆರೆದಿಟ್ಟು, ಮುಖ್ಯ ಲೆಕ್ಕಿಗರಿಗೆ ಒಳಗೆ ಬರುವಂತೆ ಕೈ ಮಾಡಿದಳು.